ಬಾಗಿಲ ಹಿಂದಿನ ಕೋವಿ

ಮುಂದೆ ನಿಂತೋನ ಕತ್ತಿನ ಹಿಂದೆ ಕೂದಲು ಎಡಗಡೆ ಮೇಲೆ, ಬಲಗಡೆ ಕೆಳಗೆ, ಕತ್ತರಿಸಿದವರು ಯಾರೋ ಕಣ್ಣು ಟಿವಿ ಮೇಲಿಟ್ಟು ಕತ್ತರಿಸಿದ್ದಾರೆ, ಹೆಂಡತಿಯೇ ಇರಬೇಕು, ಅಡುಗೆಮನೆ ಕತ್ತರಿಯೇ ಇರಬೇಕು, ನನ್ನ ಸಲೂನಿನ ಕುರ್ಚಿಯಲ್ಲಿ ಒಂದು ಗಳಿಗೆ ಕೂತಿದ್ರೆ ಈ ಕತ್ತನ್ನ ನೋಡೋ ಹಾಗೆ ಮಾಡಿ ಕಳಿಸ್ತಿದ್ದೆ, ಆದರೆ ನನ್ನ ಅಂಗಡಿಗೆ ಬರೋದು ನಮ್ಮ ಕಪ್ಪು ಜನ, ಇದು ಬಿಳಿಯರ ಕತ್ತು, ಕೆಳಗೆ ಸೈನಿಕರ ಬಣ್ಣದ ಜಾಕೀಟು, ಬೆನ್ನ ಮೇಲೆ ಸುರುಳಿ ಸುತ್ತಿಕೊಂಡ ಹಾವಿನ ಚಿತ್ರ, ನನ್ನನ್ನು ತುಳಿಯಬೇಡ ಅಂತ ಹಾವು ಹೇಳ್ತಿದೆ, ನಾನ್ಯಾಕಪ್ಪಾ ನಿನ್ನ ತುಳೀಲಿ, ನೀನು ಸ್ವಲ್ಪ ಮುಂದೆ ಸರಿದರೆ ಸಾಕು, ಶನಿವಾರ ಬೆಳಿಗ್ಗೆ, ಹಾರ್ಗಿಸ್ ಬಂದೂಕಿನಂಗಡಿ ಬಾಗಿಲು ಇನ್ನೂ ತೆಗೆದಿಲ್ಲ, ಸಾಲು ಆಗಲೇ ಪಕ್ಕದ ಟೈರಿನಂಗಡಿ ದಾಟಿದೆ, ಜನವರಿ ಚಳಿ ಷೂ ಅಟ್ಟೆಯಿಂದ ಮೊಣಕಾಲಿಗೆ ಹತ್ತುತ್ತಾ ಇದೆ, ನಮ್ಮ ವರ್ಜೀನಿಯಾದ ಚಳಿಗೆ ಹಿಮ ಸುರಿಸೋ ಮರ್ಯಾದೆಯೂ ಇಲ್ಲ, ಬರೀ ಒದ್ದೆ, ಬರೀ ಕೊರೆತ, ರಾಜಧಾನಿ ರಿಚ್ಮಂಡಿನಲ್ಲಿ ಹೊಸದಾಗಿ ಗೆದ್ದು ಕೂತೋರು ಬಂದೂಕಿಗೆ ಕಾನೂನು ತರ್ತಾರಂತೆ, ಏನು ಉಳಿಯತ್ತೆ ಏನು ಹೋಗತ್ತೆ ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೇ ಈ ಸಾಲು, ಕ್ರಿಸ್‌ಮಸ್‌ನಿಂದ ಹೀಗೇ, ಗುಂಡು ಬಂದ ದಿನವೇ ಖಾಲಿ, ಬಿರುಗಾಳಿ ಬರೋ ಮುಂಚೆ ಬ್ರೆಡ್ಡು ಹಾಲು ಬಾಚಿಕೊಳ್ತಾರಲ್ಲ ಹಾಗೆ ಬಾಚ್ತಿದ್ದಾರೆ, ನಾನೂ ಬಾಚೋಕೇ ಬಂದಿದ್ದೀನಿ, ನಾಚಿಕೆ ಇಲ್ಲ, ಈ ಸಾಲಿನಲ್ಲಿರೋ ಎಲ್ಲರಿಗಿಂತ ನನಗೆ ಹಕ್ಕು ಜಾಸ್ತಿ ಇದೆ, ಯಾಕೆ ಅಂತ ಇವರಿಗೆ ಹೇಳೋಕೆ ಹೋಗಲ್ಲ ಅಷ್ಟೆ — ಗುಂಡು ಯಜಮಾನ್ರಿಗಾ ಮೇಡಂ, ಹಿಂದಿನಿಂದ ಯಾರೋ ಕೇಳ್ತಿದ್ದಾನೆ, ತಿರುಗಿ ನೋಡಿದೆ, ಕೆಂಪು ಮೂಗು, ಕೈಯಲ್ಲಿ ಕಾಫಿ ಫ್ಲಾಸ್ಕು, ಕೇಳಿದ್ದರಲ್ಲಿ ವಿಷವಿಲ್ಲ, ಬುದ್ಧಿಯೂ ಇಲ್ಲ, ನಮ್ಮ ಯಜಮಾನ್ರು ಚರ್ಚಿನ ಹಿತ್ತಲಲ್ಲಿ ಮಲಗಿದ್ದಾರೆ, ಅವರಿಗೆ ಗುಂಡು ಬೇಕಾಗಿಲ್ಲ, ನನಗೆ ಬೇಕು ಅಂದೆ, ಪಾಪ, ಟೋಪಿ ತೆಗೆದೇಬಿಟ್ಟ ಆ ಚಳಿಯಲ್ಲಿ, ಬೋಳು ತಲೆಯಿಂದ ಹಬೆ ಏಳ್ತಿದೆ, ಓ ನೀವು ಮಿಸ್ ಅರ್ಡೆಲ್ಲಾ ಅಲ್ವಾ, ತಿರುವಿನಲ್ಲಿ ಮನೆ ಮುಂದೆಯೇ ಹೇರ್ ಸಲೂನ್ ಇಟ್ಟಿರೋರು, ನಿಮ್ಮ ಸಿಂಕಿನ ಪೈಪು ನಾನೇ ಬಿಚ್ಚಿದ್ದು, ಡಾಯ್ಲ್ ಪ್ರೂಯಿಟ್, ಕೊಳಾಯಿ ಕೆಲಸದೋನು, ಅಬ್ಬಾ ಎಷ್ಟು ಕೂದಲು ಇತ್ತು ಮೇಡಂ ಅದರೊಳಗೆ, ಒಂದು ಕುರಿ ಸಿಕ್ಕಿಹಾಕಿಕೊಂಡಿದೆ ಅಂದುಕೊಂಡೆ, ನನಗೂ ನಗು ಬಂತು, ನಗಬಾರದು ಅಂತಿದ್ದೆ, ಬಂತು.

ಕಾಫಿ ಬೇಕಾ ಅಂದ, ಬೇಡ ಅಂದೆ, ಆಮೇಲೆ ತಗೊಂಡೆ, ಕೈ ಸೆಟೆದು ಹೋಗಿತ್ತು, ಫ್ಲಾಸ್ಕಿನ ಮುಚ್ಚಳದಲ್ಲೇ ಕುಡಿದೆ, ಅವನು ಕುಡಿದ ಮುಚ್ಚಳದಲ್ಲೇ, ಅಪ್ಪ ಇದನ್ನ ನೋಡಿದ್ರೆ ಏನಂತಿದ್ರೋ, ಪ್ರೂಯಿಟ್ ಅಂದನಲ್ಲ, ನಾನು ಚಿಕ್ಕೋಳಿದ್ದಾಗ ಆ ಸಂಜೆ ನಮ್ಮ ಮನೆ ಮುಂದೆ ಬಂದ ಗಾಡಿಗಳಲ್ಲಿ ಪ್ರೂಯಿಟ್ ಅನ್ನೋನು ಯಾರಾದ್ರೂ ಇದ್ದನಾ, ಗೊತ್ತಿಲ್ಲ, ಅಪ್ಪ ಹೆಸರು ಹೇಳ್ತಿರಲಿಲ್ಲ, ಹೆಸರು ಹೇಳಿದ್ರೆ ನೀನು ಸಾಯೋ ತನಕ ಆ ಹೆಸರು ಹೊತ್ಕೊಂಡು ತಿರುಗ್ತೀಯ ಬೇಡ ಅಂತಿದ್ರು, ಡಾಯ್ಲ್ ಮಾತಾಡ್ತಾನೇ ಇದ್ದಾನೆ, ನಮ್ಮನ್ನ ಬರಿಗೈ ಮಾಡೋದೇ ಅವರಿಗೆ ಬೇಕಾಗಿರೋದು ಮಿಸ್ ಅರ್ಡೆಲ್ಲಾ, ನಮ್ಮಂಥೋರನ್ನ, ನಮ್ಮಂಥೋರು ಅಂದನಲ್ಲ, ಯಾವತ್ತಿನಿಂದ ನಾನೂ ನೀನೂ ನಮ್ಮಂಥೋರು ಆದ್ವಿ, ಒಂದು ಮುಚ್ಚಳ ಕಾಫಿಗೆ ಆಗಿಬಿಟ್ವಾ, ಆದರೂ ಅವನ ಮುಖದಲ್ಲಿ ಕಪಟ ಕಾಣಲಿಲ್ಲ, ನಿಜಕ್ಕೂ ಹೆದರಿದ್ದಾನೆ, ಹೆದರಿದ ಗಂಡಸು ಒಂಟಿ ಹೆಂಗಸಿಗಿಂತ ಜಾಸ್ತಿ ಮಾತಾಡ್ತಾನೆ, ನನ್ನ ಕಣ್ಣು ಸಾಲಿನ ಹಿಂದಕ್ಕೆ, ಅಲ್ಲಿ ಮೋಜೆಲ್ ಬಂದಳು, ದೇವರೇ ಈ ಹೆಂಗಸು, ತಲೆ ತುಂಬಾ ಗುಲಾಬಿ ರೋಲರ್ ಸಿಕ್ಕಿಸಿಕೊಂಡೇ ಬಂದಿದ್ದಾಳೆ, ಮೇಲೊಂದು ಸ್ಕಾರ್ಫು, ಬೆಳಿಗ್ಗೆ ನಾನೇ ಸುತ್ತಿದ್ದು, ಒಣಗೋ ತನಕ ಕೂತಿರು ಅಂದ್ರೆ ಗುಂಡು ಒಣಗೋ ತನಕ ಕಾಯತ್ತಾ ಅಂದಿದ್ದಳು, ಅವಳ ಹಿಂದೆ ನಮ್ಮ ಭಾನುವಾರದ ಹೆಂಗಸರೆಲ್ಲಾ ಒಬ್ಬೊಬ್ಬರಾಗಿ, ಬಿಡಿಬಿಡಿಯಾಗಿ ನಿಲ್ಲಿ ಅಂತ ನಾನೇ ಹೇಳಿದ್ದೆ, ಗುಂಪಾಗಿ ನಿಂತರೆ ಬಾಗಿಲು ಹಾಕ್ತಾರೆ, ಆ ದಕ್ಷಿಣದ ಊರಿನ ಚರ್ಚಿನಲ್ಲಿ ಬೈಬಲ್ ಓದ್ತಾ ಕೂತ ನಮ್ಮ ಕಪ್ಪು ಜನರನ್ನ ಒಬ್ಬ ಬಿಳಿ ಹುಡುಗ ಗುಂಡಿಟ್ಟು ಕೊಂದು ಹಾಕಿದ ಮೇಲೆ ಶುರುವಾಗಿದ್ದು ಈ ಭಾನುವಾರದ ಪಾಠ, ಮೋಜೆಲ್ ಬಂದು ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲಿ ನನ್ನನ್ನೇ ನೋಡ್ತಾ ಕೇಳಿದ್ದಳು, ಅರ್ಡೆಲ್ಲಾ ನಿಮ್ಮಪ್ಪ ನಿನಗೆ ಕಲಿಸಿದ್ದನ್ನ ನನಗೆ ಕಲಿಸ್ತೀಯಾ, ಶಾಲೆ ಮಕ್ಕಳಿಗೆ ಅಡುಗೆ ಮಾಡಿ ಹಾಕಿದ ಕೈ, ಹಿಟ್ಟು ಬಿಟ್ಟು ಬೇರೇನೂ ಹಿಡಿದಿರಲಿಲ್ಲ, ಮೊದಲನೇ ದಿನ ಪಿಸ್ತೂಲನ್ನ ಸತ್ತ ಇಲಿ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದಿದ್ದಳು, ಈಗ ಹಿತ್ತಲಿನ ಹುಲ್ಲಿನ ಪೆಂಡಿಗೆ ಅಂಟಿಸಿದ ಕಾಗದದ ತಟ್ಟೆಯ ನಡುವಿಗೇ ಹೊಡೀತಾಳೆ, ಪ್ರತಿ ಭಾನುವಾರ ಚರ್ಚು ಬಿಟ್ಟ ಮೇಲೆ, ಹ್ಯಾಟು ಗೂಟಕ್ಕೆ, ಎತ್ತರ ಹಿಮ್ಮಡಿಯ ಷೂ ಮೆಟ್ಟಿಲ ಮೇಲೆ, ರಬ್ಬರ್ ಬೂಟು ಕಾಲಿಗೆ, ಪಾಸ್ಟರು ನೋಡಿಯೂ ನೋಡದ ಹಾಗೆ ಇರ್ತಾರೆ, ಅವರ ಹೆಂಡತಿಯೇ ಬರ್ತಾಳಲ್ಲ, ನಾನು ಹೇಳೋದು ಒಂದೇ, ಹೊಡೆಯೋದು ಆಮೇಲೆ, ಮೊದಲು ಬೀರು, ಬೀಗ, ಬೀಗದ ಕೈ ರವಿಕೆ ಒಳಗೆ, ಅದು ಆಗಲ್ಲ ಅನ್ನೋರು ಮನೆಗೆ ಹೋಗಿ, ಹಾಗೆ ಹೇಳ್ತೀನಿ, ಗಟ್ಟಿಯಾಗಿ ಹೇಳ್ತೀನಿ, ಅವರೆಲ್ಲಾ ತಲೆ ಆಡಿಸ್ತಾರೆ.

ಡಾಯ್ಲ್ ಕೇಳಿದ, ನಿಮ್ಮಪ್ಪ ಬೇಟೆ ಆಡ್ತಿದ್ರಾ, ಹೂಂ ಅಂದೆ, ಅಳಿಲು, ಮೊಲ, ಒಂದೊಂದು ಸಲ ಜಿಂಕೆ, ಅಷ್ಟೇ ಹೇಳಿದೆ, ಉಳಿದಿದ್ದು ಇವನಿಗೆ ಯಾಕೆ — ಉಳಿದಿದ್ದು ಏನಂದ್ರೆ ಅಪ್ಪ, ಸೀಫಸ್ ವಿಟ್ಲೋ, ವೋಟಿಗೆ ಹೆಸರು ಬರೆಸಿಬಿಟ್ಟಿದ್ರು, ತಮ್ಮೊಬ್ಬರದೇ ಅಲ್ಲ, ತಂಬಾಕು ಹೊಲದಲ್ಲಿ ಕೆಲಸ ಮಾಡೋ ಎಲ್ಲರನ್ನೂ ಗಾಡಿ ಹಿಂದೆ ಕೂರಿಸಿಕೊಂಡು ಕೋರ್ಟಿಗೆ ಹೋಗಿ ಬರೆಸ್ತಿದ್ರು, ಊರಿನ ಬಿಳಿಯರಿಗೆ ಅದು ಸಹಿಸಲಿಲ್ಲ, ಆಮೇಲೆ ಒಂದು ದಿನ ತೋಟಾ ತರೋಕೆ ಪೇಟೆಗೆ ಹೋದ್ರು, ನಾನೂ ಜೊತೆಗೆ, ಕೈ ಹಿಡ್ಕೊಂಡು, ಅಂಗಡಿಯವನು ಮುಗಿದಿದೆ ಸೀಫಸ್ ಅಂದ, ಅವನ ತಲೆ ಹಿಂದೆ ಹಲಗೆ ತುಂಬಾ ತೋಟಾ ಡಬ್ಬಿ, ಕೆಂಪು, ಹಸಿರು, ನನಗೆ ಆಗ ಓದೋಕೂ ಬರ್ತಿತ್ತು, ಅಪ್ಪಾ ಅಲ್ಲಿದೆಯಲ್ಲಾ ಅಂದೆ, ಅಪ್ಪ ನನ್ನ ಕೈ ಅಮುಕಿದ್ರು, ನೋಯೋ ಹಾಗೆ ಅಮುಕಿದ್ರು, ಆಗಲಿ ಸರ್ ಅಂದ್ರು, ಬಂದ್ವಿ, ಮುಂದಿನ ವಾರವೂ ಮುಗಿದಿದೆ, ಪಕ್ಕದ ಊರಲ್ಲೂ ಮುಗಿದಿದೆ, ಕಾನೂನು ಏನೂ ಇರಲಿಲ್ಲ ನೋಡು, ಕಾಗದದ ಮೇಲೆ ಅಪ್ಪನಿಗೂ ಎಲ್ಲರ ಹಾಗೇ ಹಕ್ಕು ಇತ್ತು, ಒಬ್ಬ ಅಂಗಡಿಯವನ ಬಾಯಿ ಸಾಕಾಗಿತ್ತು ಅದನ್ನ ಅಳಿಸಿಹಾಕೋಕೆ, ಇದು ರಿಚ್ಮಂಡಿನೋರಿಗೂ ಗೊತ್ತಿಲ್ಲ, ಈ ಹಾವಿನ ಜಾಕೀಟಿನೋನಿಗೂ ಗೊತ್ತಿಲ್ಲ, ಕಿತ್ತುಕೊಳ್ತಾರೆ ಕಿತ್ತುಕೊಳ್ತಾರೆ ಅಂತ ಈಗ ಅಳ್ತಾನೆ, ನಮಗೆ ಕೊಟ್ಟೇ ಇರಲಿಲ್ಲ ಮಹರಾಯ, ಕೊನೆಗೆ ಬಾಲ್ಟಿಮೋರಿನಿಂದ ಅತ್ತೆ ಕೇಕ್ ಕಳಿಸಿದ್ರು, ದೊಡ್ಡ ತಗಡಿನ ಡಬ್ಬದಲ್ಲಿ, ಬೆಣ್ಣೆ ಕೇಕು, ಅದರ ಕೆಳಗೆ ಕಾಗದ, ಕಾಗದದ ಕೆಳಗೆ ತೋಟಾಗಳು, ಕೇಕಿಗೆ ಸ್ವಲ್ಪ ಮದ್ದಿನ ವಾಸನೆ ಹತ್ತಿತ್ತು, ಆದರೂ ತಿಂದ್ವಿ, ಅಷ್ಟು ರುಚಿಯಾದ ಕೇಕ್ ನಾನು ಮತ್ತೆ ತಿಂದಿಲ್ಲ, ಆಮೇಲೆ ಆ ಸಂಜೆ, ಇನ್ನೂ ಬಿಸಿಲಿತ್ತು, ಅಪ್ಪ ಜಗಲಿ ಮೇಲೆ ಕೂತು ಮಜ್ಜಿಗೆ ಲೋಟದಲ್ಲಿ ಮೆಕ್ಕೆಜೋಳದ ಬ್ರೆಡ್ಡು ಮುರಿದು ಹಾಕ್ಕೊಂಡು ಚಮಚದಲ್ಲಿ ತಿಂತಿದ್ರು, ಬಿಳಿಯರ ಗಾಡಿಗಳು ಬಂದವು, ಒಂದರ ಹಿಂದೆ ಒಂದು, ಮನೆ ಮುಂದೆ ನಿಧಾನ ಆದವು, ನಿಂತವು, ಅಮ್ಮ ಜಾಲರಿ ಬಾಗಿಲ ಹಿಂದೆ ಏಪ್ರನ್ನಿನ ತುಂಬಾ ತೋಟಾ ಹಿಡ್ಕೊಂಡು ನಿಂತಿದ್ರು, ನಾನು ಅಮ್ಮನ ಲಂಗದ ಹಿಂದೆ, ಒಬ್ಬ ಕಿಟಕಿಯಿಂದ ತಲೆ ಹಾಕಿ ಕೂಗಿದ, ಏ ಸೀಫಸ್, ನಿನ್ನ ಕೋವಿಗೆ ಕೂಳಿಲ್ಲವಂತೆ, ಪೇಟೆಯೆಲ್ಲಾ ಹೇಳ್ತಿದೆ, ನಕ್ಕರು ಎಲ್ಲಾ, ಅಪ್ಪ ಲೋಟ ಕೆಳಗಿಟ್ರು, ಬಾಯಿ ಒರೆಸಿಕೊಂಡ್ರು, ಆತುರವೇ ಇಲ್ಲ, ತೊಡೆ ಮೇಲಿದ್ದ ಜೋಡುನಳಿಗೆ ಕೋವಿ ಎತ್ತಿ ನಡುವೆ ಬಗ್ಗಿಸಿ ಬಾಯಿ ತೆರೆದು ಅವರ ಕಡೆಗೆ ತಿರುಗಿಸಿ ತೋರಿಸಿದ್ರು, ಎರಡು ತೋಟಾಗಳ ಹಿತ್ತಾಳೆ ತಳ ಬಿಸಿಲಿಗೆ ಥಳ್ ಅಂತ ಹೊಳೀತು, ನೋಡ್ಕೊಳ್ಳಿ ಅನ್ನೋ ಹಾಗೆ, ಮತ್ತೆ ಮುಚ್ಚಿದ್ರು, ಟಕ್, ಅಷ್ಟೇ, ಯಾರೂ ನಗಲಿಲ್ಲ, ಗಾಡಿಗಳು ಹೋದವು, ಅಪ್ಪ ಒಂದು ಗುಂಡೂ ಹಾರಿಸಲಿಲ್ಲ, ಮಜ್ಜಿಗೆ ಮುಗಿಸಿದ್ರು, ಅವತ್ತಿನಿಂದ ಆ ಕೋವಿ ಅಡುಗೆಮನೆ ಬಾಗಿಲ ಹಿಂದೆ, ತುಂಬಿದ್ದೇ, ಖಾಲಿ ಕೋವಿ ಬರೀ ಕೋಲು ಅರ್ಡೆಲ್ಲಾ, ಕೋಲಿಗೆ ಯಾರೂ ಹೆದರಲ್ಲ ಅಂತಿದ್ರು, ಅಪ್ಪ ಹೋದ್ರು, ಅಮ್ಮ ಹೋದ್ರು, ಲೂಶಸ್‌ನ ಮದುವೆಯಾದೆ, ರೆನೀಟಾ ಹುಟ್ಟಿದಳು, ಲೂಶಸ್ ಹೋದ, ಕೋವಿ ಅಲ್ಲೇ, ಉಳಿದ ಬಂದೂಕೆಲ್ಲಾ ಬೀರುವಿನಲ್ಲಿ, ಅದೊಂದು ಮಾತ್ರ ಅಲ್ಲೇ.

ಬಾಗಿಲು ತೆಗೆದರು, ಸಾಲು ಒಂದು ಹೆಜ್ಜೆ ಮುಂದಕ್ಕೆ ಜಗ್ಗಿತು, ಆಗಲೇ ಕೋಟಿನ ಜೇಬಿನಲ್ಲಿ ಫೋನು ಗುರ್ ಅಂತು, ರೆನೀಟಾ, ಎತ್ತಬಾರದಿತ್ತು, ಎತ್ತಿದೆ, ಮಮ್ಮಾ ಎಲ್ಲಿದ್ದೀಯ, ಮನೆ ಫೋನು ಹೊಡ್ಕೊಳ್ತಾನೇ ಇದೆ, ಸಾಲಲ್ಲಿದ್ದೀನಿ ಅಂದೆ, ಯಾವ ಸಾಲು ಅಂತ ಕೇಳಲಿಲ್ಲ, ಅವಳಿಗೆ ಗೊತ್ತಾಯ್ತು, ನಾನು ಜಗಳಕ್ಕೆ ಸೊಂಟ ಕಟ್ಟಿ ನಿಂತೆ, ಇಷ್ಟು ಜನ ಸತ್ತರು ಅಷ್ಟು ಜನ ಸತ್ತರು ಅಂತ ಅಂಕಿ ಎಣಿಸ್ತಾಳೆ ಯಾವಾಗಲೂ, ರಿಚ್ಮಂಡಿನ ಆಸ್ಪತ್ರೆಯಲ್ಲಿ ಎಮರ್ಜೆನ್ಸಿ ನರ್ಸು, ದಿನಾ ನೋಡ್ತಾಳೆ, ನಾನೂ ಉತ್ತರ ರೆಡಿ ಇಟ್ಕೊಂಡಿರ್ತೀನಿ, ಆದರೆ ಇವತ್ತು ಜಗಳ ಬರಲಿಲ್ಲ, ಆ ಧ್ವನಿ, ಉಪ್ಪು ಖಾರ ಏನೂ ಇಲ್ಲದ ಧ್ವನಿ, ಮಮ್ಮಾ ನಿನ್ನೆ ಒಂದು ಮಗು ಬಂತು, ಹುಡುಗಿ, ನಿನ್ನ ಮೊಮ್ಮಗಳಷ್ಟೇ, ನಮ್ಮ ಜೊಯೆಲ್‌ನಷ್ಟೇ ಇರಬಹುದು, ಸೋಫಾ ದಿಂಬಿನ ಕೆಳಗೆ ಪಿಸ್ತೂಲು ಸಿಕ್ಕಿದೆ, ಆಡಿದೆ, ಯಾರ ಮನೇಲಿ ಗೊತ್ತಾ, ಅಜ್ಜಿ ಮನೇಲಿ ಮಮ್ಮಾ, ಅಜ್ಜಿ ಮನೇಲಿ, ಸಾಲು ಮುಂದೆ ಹೋಯ್ತು, ನಾನು ನಿಂತೇ ಇದ್ದೆ, ಡಾಯ್ಲ್ ಮೆಲ್ಲಗೆ ಮಿಸ್ ಅರ್ಡೆಲ್ಲಾ ಅಂದ, ನಡೆದೆ, ಚೆನ್ನಾಗಿ ಜಡೆ ಹಾಕಿದ್ರು ಮಮ್ಮಾ, ನೀನು ಹಾಕ್ತೀಯಲ್ಲ ಹಾಗೇ, ಸಣ್ಣ ಸಣ್ಣ ಜಡೆ, ತುದಿಗೆ ಹಳದಿ ಮಣಿ, ನಾವು ತಲೆ ತಿರುಗಿಸಿದಾಗ ದಾರ ಹರೀತು, ಮಣಿಗಳು ನೆಲದ ತುಂಬಾ, ನಾವೆಲ್ಲಾ ಕೆಲಸ ಮಾಡ್ತಾನೇ ಇದ್ವಿ, ಕಾಲ ಕೆಳಗೆ ಮಣಿ, ಡಾಕ್ಟರ್ ಜಾರಿದ್ರು, ಒಂದು ಮಣಿ ಉರುಳ್ತಾನೇ ಇತ್ತು, ಆ ಇಳಿಜಾರಿನಲ್ಲಿ, ಗೋಡೆವರೆಗೂ, ನಾನು ಅದನ್ನೇ ನೋಡ್ತಾ ಇದ್ದೆ, ಮಗೂನ ನೋಡಬೇಕಾದ ಹೊತ್ತಿನಲ್ಲಿ, — ಉಳೀತಾ ಅಂತ ಕೇಳಿದೆ, ಇಲ್ಲ ಅಂದಳು, ಆ ಅಜ್ಜಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು ಮಮ್ಮಾ, ತಲೆ ಮೇಲೆ ಚರ್ಚಿನ ಹ್ಯಾಟು, ಒಳ್ಳೆಯವಳೇ, ಯಾರ ಮನೆ ಅಜ್ಜಿಯಾದ್ರೂ ಹಾಗೇ ಇರ್ತಾಳೆ, ಆಮೇಲೆ ಹೇಳಿದಳು, ಮಧ್ಯಾಹ್ನ ಜೊಯೆಲ್‌ನ ಕರ್ಕೊಂಡು ಬರ್ತೀನಿ, ಒಂದು ವಾರ ನಿನ್ನ ಹತ್ರ ಬಿಡಬೇಕು, ಡ್ಯೂಟಿ ಮೇಲೆ ಡ್ಯೂಟಿ ಇದೆ, ಬೇರೆ ಯಾರೂ ಇಲ್ಲ, ಆದರೆ ಬಾಗಿಲ ಹಿಂದಿನದು ಹಾಗೇ ಇದ್ರೆ ಮಗೂನ ಗಾಡಿಯಿಂದ ಇಳಿಸಲ್ಲ, ಹಾಗೇ ತಿರುಗಿಸ್ಕೊಂಡು ಹೋಗ್ತೀನಿ, ನನಗೆ ರೇಗಿತು, ನನ್ನ ಮನೆಗೆ ಷರತ್ತು ಹಾಕ್ತೀಯೇನೇ, ನೀನೂ ಅದೇ ಮನೇಲಿ ಬೆಳೆದಿದ್ದು, ಅದೇ ಬಾಗಿಲು, ನಿನಗೇನಾಯ್ತು, ನಿಮ್ಮಜ್ಜ ಅವತ್ತು — ಗೊತ್ತು ಮಮ್ಮಾ, ಅಜ್ಜನ ಕಥೆ ಗೊತ್ತು, ಅದನ್ನ ಕೇಳ್ಕೊಂಡೇ ಬೆಳೆದೆ, ಆ ಮಗೂಗೂ ಅದರ ಅಜ್ಜಿ ಏನಾದ್ರೂ ಕಥೆ ಹೇಳಿರ್ತಾಳೆ, ಇಟ್ಟುಬಿಟ್ಟಳು, ಫೋನು ಇಟ್ಟುಬಿಟ್ಟಳು, ಇಡೋದು ಅವಳ ಅಪ್ಪನಿಂದ ಬಂದಿದ್ದು, ಲೂಶಸ್ಸೂ ಹೀಗೇ, ಕೊನೇ ಮಾತು ಎಸೆದು ಎದ್ದು ಹೋಗೋನು.

ಒಳಗೆ ಎಣ್ಣೆ ವಾಸನೆ, ಹೀಟರಿನ ಬಿಸಿ, ಗೋಡೆ ಮೇಲೆ ಖಾಲಿ ಗೂಟಗಳು, ಉದ್ದನೆಯ ಬಂದೂಕೆಲ್ಲಾ ಹೋಗಿಬಿಟ್ಟಿವೆ, ಗಾಜಿನ ಕೌಂಟರಿನ ಹಿಂದೆ ಡೆನ್ನಿ ಹಾರ್ಗಿಸ್, ತಲೆಗೆ ಎರಡೆರಡೇ ಡಬ್ಬಿ ಅಂತ ಕೂಗ್ತಿದ್ದಾನೆ, ಸರಿ, ಎಲ್ಲರಿಗೂ ಎರಡಾದ್ರೆ ನನಗೂ ಎರಡು, ಹಾವಿನ ಜಾಕೀಟಿನೋನು ಆರು ಡಬ್ಬಿ ಚೀಲಕ್ಕೆ ಹಾಕ್ಕೊಂಡ, ಡೆನ್ನಿ ನೋಡಿಯೂ ನೋಡದ ಹಾಗೆ ಅವನ ಹೆಂಡತಿ ಆರೋಗ್ಯ ವಿಚಾರಿಸಿದ, ಸರಿ, ನನ್ನ ಸರದಿ, ಪಿಸ್ತೂಲಿನ ಗುಂಡು, ನೈನ್ ಎಂಎಂ, ಎರಡು ಡಬ್ಬಿ ಕೊಡಪ್ಪಾ ಅಂದೆ, ಮುಗೀತು ಮೇಡಂ ಅಂದ, ಮುಗೀತು — ಕಿವಿಯೊಳಗೆ ಏನೋ ಒಂದು ಹಳೆಯದು ಎದ್ದು ಕೂತಿತು, ಅವನ ತಲೆ ಹಿಂದೆ ಹಲಗೆ ಮೇಲೆ ಇದೆ, ಸಾಲಾಗಿ ಇದೆ, ನನ್ನ ಕಣ್ಣು ಇನ್ನೂ ಚೆನ್ನಾಗಿದೆ, ಅಲ್ಲಿರೋದು ಏನು ಅಂತ ಕೇಳಿದೆ, ಅದು ಕಾಯಂ ಗಿರಾಕಿಗಳಿಗೆ ಎತ್ತಿಟ್ಟಿರೋದು ಮೇಡಂ, ನಿನ್ನನ್ನ ನಿಮ್ಮಮ್ಮ ಕಂಕುಳಲ್ಲಿ ಹೊತ್ತು ಈ ಅಂಗಡಿಗೆ ಬರ್ತಿದ್ದಾಗಿಂದ ನಾನು ಇಲ್ಲಿ ಕೊಳ್ತಿದ್ದೀನಿ ಡೆನ್ನಿ, ಇನ್ನೆಷ್ಟು ಕಾಯಂ ಆಗಬೇಕು, ನಗೋಕೆ ನೋಡಿದ, ನಗು ಅರ್ಧಕ್ಕೇ ನಿಂತಿತು, ಮುಂದಿನೋರು ಬನ್ನಿ ಅಂದ, ನಾನು ಗಾಜಿನ ಮೇಲೆ ಅಂಗೈ ಊರಿದೆ, ಮುಂದಿನೋರು ಬರಲ್ಲ, ನಾನು ಇಲ್ಲೇ ಇರ್ತೀನಿ, ಅದನ್ನ ತಗೊಳ್ಳೋ ಕಾಯಂ ಗಿರಾಕಿ ಬರೋ ತನಕ ಕಾಯ್ತೀನಿ, ಅವನ ಮುಖ ನೋಡಬೇಕು ನನಗೆ, ಗಾಜಿನ ಕೆಳಗೆ ಸಾಲಾಗಿ ಮಲಗಿಸಿದ ಪಿಸ್ತೂಲುಗಳು, ಅವುಗಳ ನಡುವೆ ಎಲ್ಲಿಂದಲೋ ಒಂದು ಹಳದಿ ಮಣಿ ಉರುಳಿ ಬಂತು, ಇಲ್ಲ, ಅಲ್ಲೇನೂ ಇಲ್ಲ, ಹೋಗು ಅಂದೆ, ಈಗ ಬೇಡ, ಈಗ ನಾನು ಅಪ್ಪನ ಕೆಲಸದಲ್ಲಿದ್ದೀನಿ, ಆವಾಗ ಹಿಂದಿನಿಂದ ಡಾಯ್ಲ್ ಕೂಗಿದ, ಡೆನ್ನಿ, ಆ ಹಲಗೆ ಮೇಲಿರೋದು ಏನಪ್ಪಾ, ಬಿಸ್ಕತ್ತಾ, ಯಾರೋ ಕಿಸಕ್ ಅಂದ್ರು, ಬಿಸ್ಕತ್ತಾದ್ರೆ ನನಗೂ ಎರಡು ಕೊಡು, ಚಹಾಕ್ಕೆ ಆಗತ್ತೆ, ಈ ಸಲ ಎಲ್ಲಾ ನಕ್ಕರು, ಡೆನ್ನಿಯ ಕಿವಿ ಕೆಂಪಾಯ್ತು, ತಿರುಗಿ ಎರಡು ಡಬ್ಬಿ ತೆಗೆದು ಗಾಜಿನ ಮೇಲೆ ಕುಕ್ಕಿದ, ನನಗೆ ಸಮಾಧಾನ ಆಯ್ತು, ಆ ಸಮಾಧಾನದ ಮೇಲೇ ಸಿಟ್ಟೂ ಬಂತು, ನನ್ನ ಮಾತಿಗೆ ಕೊಡಲಿಲ್ಲ, ಅವನ ತಮಾಷೆಗೆ ಕೊಟ್ಟ, ಡಾಯ್ಲ್‌ಗೆ ಥ್ಯಾಂಕ್ಸ್ ಹೇಳಬೇಕಾ, ತಲೆ ಆಡಿಸಿದೆ, ಅಷ್ಟು ಸಾಕು, ಆದರೆ ನಾನು ಬಾಗಿಲ ಹತ್ರ ಹೋಗಿ ನಿಂತೆ, ಹೋಗಲಿಲ್ಲ, ಇನ್ನೂ ಇದೆ ಡೆನ್ನಿ, ನೋಡು, ಬಂದಳು ಮೋಜೆಲ್, ರೋಲರ್ ತಲೆ ಎತ್ತಿಕೊಂಡು, ಎರಡು ಡಬ್ಬಿ ಕೊಡಪ್ಪಾ, ಅವಳ ಹಿಂದೆ ಪಾಸ್ಟರ್ ಹೆಂಡತಿ, ಎರಡು ಡಬ್ಬಿ ಮಗನೇ, ದೇವರು ಒಳ್ಳೇದು ಮಾಡಲಿ, ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು, ಒಬ್ಬೊಬ್ಬರೂ ಎರಡೆರಡು, ಕೊಡದೆ ಇರೋ ಹಾಗಿಲ್ಲ, ಬಿಸ್ಕತ್ತಿನ ಮಾತು ಇಡೀ ಅಂಗಡಿ ಕೇಳಿಸಿಕೊಂಡಿದೆ, ಆ ಹಲಗೆ ನಮ್ಮ ಕಣ್ಣೆದುರೇ ಬರಿದಾಯ್ತು, ಮರದ ಬಣ್ಣ ಕಾಣೋ ತನಕ ಬರಿದಾಯ್ತು, ಅಪ್ಪಾ ನೋಡಿದ್ರಾ, ಹೊರಗೆ ಬಂದು ಮೋಜೆಲ್ ನನ್ನ ತೋಳು ಹಿಡ್ಕೊಂಡು ನಕ್ಕಳು, ನಕ್ಕೂ ನಕ್ಕೂ ಒಂದು ರೋಲರ್ ಕಳಚಿ ಬಿತ್ತು, ಬಿದ್ದಿದ್ದು ಉರುಳಿ ಚರಂಡಿ ಕಡೆಗೆ ಹೋಯ್ತು, ಅವಳು ಹಿಡಿಯೋಕೆ ಓಡಿದಳು, ಎಲ್ಲಾ ನಕ್ಕರು, ನಾನು ನಗಲಿಲ್ಲ, ಉರುಳೋದನ್ನೇ ನೋಡ್ತಾ ನಿಂತೆ, ಏನಾಯ್ತೇ ಅರ್ಡೆಲ್ಲಾ, ಗೆದ್ದಿದ್ದೀವಲ್ಲೇ, ಏನೂ ಇಲ್ಲ, ಚಳಿ ಅಂದೆ.

ಗೆದ್ದಿದ್ದೀವಿ, ಹೌದು, ಗೆದ್ದಿದ್ದೀವಿ, ಕಾರಿನಲ್ಲಿ ಅದನ್ನೇ ಹೇಳ್ಕೊಂಡು ಬಂದೆ, ಪಕ್ಕದ ಸೀಟಿನಲ್ಲಿ ಎರಡು ಡಬ್ಬಿ, ಕಡಲೆಕಾಯಿ ಹೊಲಗಳು ಬೋಳಾಗಿ ಮಲಗಿವೆ, ನಾಳೆ ಭಾನುವಾರ, ನಾಳೆ ಕಲಿಸ್ತೀನಿ, ನಾಳಿದ್ದೂ ಕಲಿಸ್ತೀನಿ, ಯಾವ ಕಾನೂನು ಬಂದ್ರೂ ಬರಲಿ, ಯಾರು ಏನಂದ್ರೂ ಅನ್ನಲಿ, ನಮ್ಮ ರಸ್ತೆ ತುದಿಗೆ ಪೋಲೀಸ್ ಗಾಡಿ ಬರೋ ಹೊತ್ತಿಗೆ ಒಂದು ಕೋಳಿ ಬೇಯಿಸಿ ತಿಂದು ಪಾತ್ರೆ ತೊಳೆದಿಡಬಹುದು, ರೆನೀಟಾಗೆ ಏನು ಗೊತ್ತು, ಅವಳಿಗೆ ಗೊತ್ತು, ಅವಳಿಗೆ ಬೇರೆ ಏನೋ ಗೊತ್ತು, ಮನೆ ಬಂತು, ಅಡುಗೆಮನೆ, ಕೋಟು ಬಿಚ್ಚಲಿಲ್ಲ, ಡಬ್ಬಿಗಳನ್ನ ಬೀರುವಿಗೆ ಹಾಕಿದೆ, ಬೀಗ, ಬೀಗದ ಕೈ ರವಿಕೆ ಒಳಗೆ, ಹೀಗೇ ಅಲ್ವಾ ಹೇಳಿಕೊಡೋದು, ಆಮೇಲೆ ಬಾಗಿಲು ಮುಂದಕ್ಕೆ ಎಳೆದೆ, ಹಿಂದೆ ನಿಂತಿದೆ, ಗೋಡೆಗೆ ಒರಗಿಕೊಂಡು, ಮರದ ಹಿಡಿ ಅಪ್ಪನ ಕೈ ಬೆವರಿಗೆ ಕಪ್ಪಾಗಿದ್ದು, ಹಾಗೇ ಇದೆ, ನನ್ನ ಸೊಂಟದೆತ್ತರ, ಜೊಯೆಲ್‌ಗಿಂತ ಸ್ವಲ್ಪ ಎತ್ತರ, ಇದನ್ನ ನಾನು ಯಾವತ್ತೂ ಅಳೆದು ನೋಡಿರಲಿಲ್ಲ, ರೆನೀಟಾ ಈ ಮನೇಲಿ ಅಂಬೆಗಾಲಿಟ್ಟಳು, ಈ ಬಾಗಿಲ ಸಂದಿಯಲ್ಲೇ ಕಣ್ಣಾಮುಚ್ಚಾಲೆ ಆಡಿದಳು, ಏನೂ ಆಗಲಿಲ್ಲ, ಏನೂ ಆಗದೆ ಇದ್ದಿದ್ದು ನನ್ನ ಜಾಣತನ ಅಂದ್ಕೊಂಡಿದ್ದೆ, ಕೋವಿ ಎತ್ತಿದೆ, ಭಾರ ಅದೇ ಭಾರ, ನಡುವೆ ಬಗ್ಗಿಸಿ ಬಾಯಿ ತೆರೆದೆ, ಎರಡು ಹಿತ್ತಾಳೆ ತಳ ನನ್ನ ಕಡೆ ನೋಡಿದವು, ಹೊರಗೆ ಗಾಡಿಗಳಿಲ್ಲ, ರಸ್ತೆ ಖಾಲಿ, ನಾನೂ ಅಡುಗೆಮನೆಯೂ ಅಷ್ಟೇ, ಉಗುರಿನಿಂದ ಎತ್ತಿ ತೋಟಾ ತೆಗೆದೆ, ಒಂದು, ಇನ್ನೊಂದು, ಬಿಸಿ ಇರತ್ತೆ ಅಂದುಕೊಂಡಿದ್ದೆ ಯಾಕೋ, ತಣ್ಣಗಿದ್ದವು, ಕಾನೂನು ಹೇಳಿದ್ದಕ್ಕಲ್ಲ, ಮಗಳು ಹೇಳಿದ್ದಕ್ಕಲ್ಲ, ಜೊಯೆಲ್ ಇರೋ ತನಕ, ಅಷ್ಟೇ, ಅವಳು ವಾಪಸ್ ಹೋದ ದಿನ ಮತ್ತೆ ಇಲ್ಲೇ ತಂದು ಇಡ್ತೀನಿ, ತುಂಬಿಯೇ ಇಡ್ತೀನಿ, ಅಪ್ಪಾ ಒಂದು ವಾರ ಬೀರುವಿನಲ್ಲಿರಿ, ನಿಮ್ಮ ಮರಿಮೊಮ್ಮಗಳಿಗೋಸ್ಕರ, ಬೀರುವಿನ ಬಾಗಿಲು ಹಾಕಿದೆ, ಬಾಗಿಲ ಹಿಂದೆ ಗೋಡೆ ಮೇಲೆ ಉದ್ದಕ್ಕೆ ಒಂದು ಗುರುತು ಉಳೀತು, ಅಲ್ಲಿ ಮಾತ್ರ ಬಣ್ಣ ಹೊಸದು, ನನ್ನ ವಯಸ್ಸಿನಷ್ಟು ಹಳೆಯ ಬಣ್ಣ ಹೊಸದಾಗೇ ಉಳಿದಿದೆ, ಜಲ್ಲಿ ಮೇಲೆ ಕಾರಿನ ಸದ್ದು, ಬಂದಳು ರೆನೀಟಾ, ಮಗೂನ ಇಳಿಸಲಿಲ್ಲ, ತಾನೊಬ್ಬಳೇ ಒಳಗೆ ಬಂದಳು, ಕಣ್ಣ ಸುತ್ತ ಕಪ್ಪು, ಮಮ್ಮಾ ಅನ್ನಲೂ ಇಲ್ಲ, ನೇರ ಅಡುಗೆಮನೆಗೆ, ಬಾಗಿಲು ಎಳೆದು ನೋಡಿದಳು, ಆ ಗುರುತನ್ನ ನೋಡಿದಳು, ಬೆರಳಿಟ್ಟು ಮುಟ್ಟಿದಳು, ನೀನು ಹೇಳಿದ್ದಕ್ಕಲ್ಲ ಅಂದೆ, ಗೊತ್ತು ಮಮ್ಮಾ, ಇವತ್ತು ಎರಡು ಡಬ್ಬಿ ತಂದಿದ್ದೀನಿ, ನಾಳೆ ಹೆಂಗಸರು ಬರ್ತಾರೆ ಅಂದೆ, ಅದೂ ಗೊತ್ತು ಮಮ್ಮಾ, ನಿನ್ನ ಜೊತೆ ಅದಕ್ಕೆ ಆಮೇಲೆ ಜಗಳ ಆಡ್ತೀನಿ, ಇವತ್ತು ಆಗಲ್ಲ, ಅಂದು ಹೊರಗೆ ಹೋಗಿ ಕಾರಿನ ಬಾಗಿಲು ತೆಗೆದಳು, ಓಡಿ ಬಂದಳು ಜೊಯೆಲ್, ಅಜ್ಜಿ ಅಜ್ಜಿ ಅಂತ, ತಲೆಯೇ ಮುಂದೆ, ಕಾಲು ಹಿಂದೆ, ಜಡೆಗಳ ಮಣಿಗಳು ಒಂದಕ್ಕೊಂದು ಹೊಡ್ಕೊಳ್ತಾ ಟಿಕ್ ಟಿಕ್ ಟಿಕ್, ನಾನು ಕುರ್ಚಿ ಮೇಲೆ ಕೂತೆ, ಬಂದು ನನ್ನ ಮಡಿಲಿಗೆ ತಲೆ ಹಾಕಿದಳು, ಎರಡೂ ಕೈಯಲ್ಲಿ ಹಿಡಿದೆ, ಇಷ್ಟೇ ಇಷ್ಟು ತಲೆ, ನನ್ನ ಅಂಗೈಯೊಳಗೆ ಬೆಚ್ಚಗೆ, ನೆತ್ತಿ ಹತ್ರ ಜಡೆ ಸಡಿಲ ಆಗಿದೆ, ಯಾರು ಮಾಡಿದ್ದು ಇದನ್ನ, ನಿಮ್ಮಮ್ಮನಾ, ಅದಕ್ಕೇ ಹೀಗೆ, ಬಿಚ್ಚಿ ಹೊಸದಾಗಿ ಹಾಕ್ತೀನಿ ಕೂತ್ಕೋ, ಯಾವ ಬಣ್ಣದ ಮಣಿ ಬೇಕು ಪುಟ್ಟಿ, ಅವಳು ತಲೆ ಎತ್ತದೆ ಹೇಳಿದಳು, ಹಳದಿ ಅಜ್ಜಿ — ಹಳದಿ, ಹೂಂ, ಇದೆ, ಡಬ್ಬಿ ತುಂಬಾ ಇದೆ, ಏಳಬೇಕು, ಎದ್ದು ಹೋಗಿ ಡಬ್ಬಿ ತರಬೇಕು, ಏಳ್ತೀನಿ, ಈ ತಲೆ ಬಿಟ್ಟು ಏಳಬೇಕು, ಈಗ ಏಳ್ತೀನಿ, ಒಂದು ಮಣಿ, ಆ ಆಸ್ಪತ್ರೆಯ ನೆಲದ ಮೇಲೆ, ಷೂಗಳ ನಡುವೆ, ಹಳದಿ, ಉರುಳ್ತಾ ಇದೆ, ಗೋಡೆ ಸಿಕ್ಕಿಲ್ಲ ಅದಕ್ಕೆ, ಉರುಳ್ತಾನೇ ಇದೆ, ಒಂದು ಹಳದಿ ಮಣಿ